ಹನ್ನೊಂದಡಿ ಮಂಚ, ಕೆಂಪು ಸೊಳ್ಳೆಪರದೆ

ನಮ್ಮ ಕಾರ್ ಶೆಡ್ಡಿನಲ್ಲಿ ಕಾರಿಲ್ಲ. 2022ರ ಸೆಪ್ಟೆಂಬರಿನಲ್ಲಿ ಅದು ಸ್ಟೇರಿಂಗ್‌ವರೆಗೆ ನೀರು ಕುಡಿದು ತೀರಿಕೊಂಡಿತು. ನೀರಿಳಿದ ಮೇಲೆ ಇನ್ನೂ ಜೀವ ಇದೆಯೇನೋ ಎಂದು ಕೀ ತಿರುಗಿಸಿ ನೋಡಿದ್ದೇ ನನ್ನ ತಪ್ಪಂತೆ. ಇನ್ಶೂರೆನ್ಸಿನವರು ಅದೊಂದೇ ಕಾರಣಕ್ಕೆ ಎಂಜಿನ್ನಿನ ದುಡ್ಡು ಕೊಡಲಿಲ್ಲ. ಅದೇ ವಾರ ಹೊರವರ್ತುಲ ರಸ್ತೆಯ ಸಾಫ್ಟ್‌ವೇರ್ ಮಂದಿ ಕೊರಳಿಗೆ ಐಡಿ ಕಾರ್ಡ್ ನೇತುಹಾಕಿಕೊಂಡು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ನಾನೂ ಒಂದು ಟ್ರ್ಯಾಕ್ಟರ್ ಕೊಳ್ಳೋಣವೆಂದು ಬೆಲೆ ವಿಚಾರಿಸಿದೆ. ಆಮೇಲೆ ಪ್ಲೈವುಡ್ಡಿನ ಬೆಲೆ ವಿಚಾರಿಸಿದೆ.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಹಾಯಿದೋಣಿ ಕಟ್ಟುತ್ತೇನೆಂದರೆ ಹೊರಗಿನವರು ನಕ್ಕಾರು. ನಮ್ಮ ಲೇಔಟಿನಲ್ಲಿ ಯಾರೂ ನಗಲಿಲ್ಲ. ‘ಎಷ್ಟು ಸೀಟು?’ ಎಂದಷ್ಟೇ ಕೇಳಿದರು.

ಆರಿಸಿಕೊಂಡದ್ದು ಮಿರರ್ ಎಂಬ ನಮೂನೆ. 1960ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಡೈಲಿ ಮಿರರ್ ಪತ್ರಿಕೆ, ಸಾಧಾರಣ ಜನರೂ ಮನೆಯಲ್ಲೇ ಕಟ್ಟಿಕೊಳ್ಳಲಿ ಎಂದು ಹೊರತಂದ ದೋಣಿ ಅದು. ವಿನ್ಯಾಸ ಮಾಡಿದವರು ಜ್ಯಾಕ್ ಹೋಲ್ಟ್ ಮತ್ತು ಟಿವಿಯಲ್ಲಿ ಮನೆ ರಿಪೇರಿ ಹೇಳಿಕೊಡುತ್ತಿದ್ದ ಬ್ಯಾರಿ ಬಕ್ನೆಲ್. ಉದ್ದ ಹನ್ನೊಂದಡಿಗೆ ಎರಡಿಂಚು ಕಮ್ಮಿ. ಪತ್ರಿಕೆಯ ಬಣ್ಣವೇ ಹಾಯಿಗೂ: ಕೆಂಪು. ಶೆಡ್ಡಿನಲ್ಲಿ ದೋಣಿ ಕಟ್ಟುವವರು ಸಾಮಾನ್ಯವಾಗಿ ಎಡವುವುದು ಗೇಟಿನ ಹತ್ತಿರ. ದೋಣಿ ಮುಗಿದಿರುತ್ತದೆ, ಹೊರಗೆ ಬರುವುದಿಲ್ಲ. ಹಾಗಾಗಿ ನಾನು ಮೊದಲೇ ಗೇಟು ಅಳೆದೆ. ಅಳೆಯದಿದ್ದರೂ ನಡೆಯುತ್ತಿತ್ತು. ನಮ್ಮಲ್ಲಿ ದೋಣಿ ನೀರಿಗೆ ಹೋಗಬೇಕಿಲ್ಲ, ನೀರೇ ಶೆಡ್ಡಿಗೆ ಬರುತ್ತದೆ; ಹೋದ ಸಲ ಗೇಟು ತೆಗೆಯುವವರೆಗೂ ಕಾದಿರಲಿಲ್ಲ.

ಬಾಗಿಲು, ಕಿಟಕಿ, ವಾರ್ಡ್‌ರೋಬು ಮಾಡಿ ಗೊತ್ತಿದ್ದ ನಮ್ಮ ಆಚಾರ್ರಿಗೆ ನಕ್ಷೆ ತೋರಿಸಿದೆ.

‘ಮೊಳೆ ಎಲ್ಲಿ ಸಾರ್?’

ಮೊಳೆಯಿಲ್ಲ, ಹೊಲಿಯಬೇಕು ಎಂದೆ. ಪ್ಲೈವುಡ್ಡಿನ ಅಂಚಿಗುಂಟ ಸಣ್ಣ ತೂತು ಕೊರೆದು, ತಾಮ್ರದ ತಂತಿ ಪೋಣಿಸಿ ತಿರುಚಿ, ಸಂದಿಗೆ ಗ್ಲಾಸ್‌ಫೈಬರ್ ಪಟ್ಟಿ ಇಟ್ಟು ಅಂಟು ಬಳಿಯುವುದು. ‘ಇದು ಟೈಲರ್ ಕೆಲ್ಸ’ ಎಂದು ಗೊಣಗಿದರು, ಆದರೂ ಹೊಲಿದರು. (ನೀರಿನ ಕೆಲಸಕ್ಕೆ 710 ಮಾರ್ಕಿನ ಮೆರೀನ್ ಪ್ಲೈ ಬೇಕು. ನಮ್ಮ ಅಡುಗೆಮನೆಯ ಕಪಾಟೂ ಅದರದ್ದೇ. ಬೆಂಗಳೂರಿನ ಅಡುಗೆಮನೆಗಳು ತೇಲಲು ಎಂದೋ ತಯಾರಾಗಿ ಕೂತಿವೆ.)

ಹೊಲಿಗೆ ಎಂದಾಗ ನೆನಪಾಯಿತು. 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಕೌಂಡಿನ್ಯ ಎಂಬ ಹಾಯಿಹಡಗು ಸೇರಿತು. ಅಜಂತಾದ ಚಿತ್ರವೊಂದನ್ನು ಆಧರಿಸಿ, ಮರದ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದು ಕಟ್ಟಿದ ಹಡಗು. ಅದೇ ವಾರ ಇಲ್ಲಿ ಹೊರಮಾವಿನ ಸಾಯಿ ಲೇಔಟು ನೀರಿನಲ್ಲಿ ನಿಂತಿತ್ತು. ಇಷ್ಟು ಗಿರಾಕಿಗಳನ್ನು ಇಲ್ಲಿ ಬಿಟ್ಟು ಹಡಗನ್ನು ಕಾರವಾರಕ್ಕೆ ಯಾಕೆ ಒಯ್ದರೋ.

ನಮ್ಮ ದೋಣಿಯ ಅಂಟಿಗೆ ಥಂಡಿ ಆಗದು, ಅದು ಕಚ್ಚಿಕೊಳ್ಳಲು ಒಣ ಹವೆಯೇ ಬೇಕು. ಮಳೆಗಾಲಕ್ಕೆಂದು ಕಟ್ಟುವುದನ್ನು ಬೇಸಿಗೆಯಲ್ಲೇ ಮುಗಿಸಬೇಕು ಎಂಬ ಈ ಗುಟ್ಟು ರಾಜಕಾಲುವೆಯ ಹೂಳೆತ್ತುವವರಿಗೆ ಇನ್ನೂ ತಲುಪಿಲ್ಲ.

ದೋಣಿಗೊಂದು ಕಾಗದಪತ್ರ ಇರಲಿ ಎಂದು ಒಂದು ಕಚೇರಿಗೆ ಹೋದೆ. ಯಾವ ಕಚೇರಿ ಎಂದು ಕೇಳಬೇಡಿ. ಅಲ್ಲಿನ ಸಾಹೇಬರು ನನಗೆ ಉಪಕಾರವನ್ನೇ ಮಾಡಿದ್ದಾರೆ.

‘ದೋಣಿ ಯಾಕ್ರೀ?’

‘ನೀರು ಬರುತ್ತೆ ಸಾರ್.’

‘ನಮ್ಮ ರೆಕಾರ್ಡ್ ಪ್ರಕಾರ ಅಲ್ಲಿ ನೀರು ಬರಲ್ಲ.’

‘ಎದೆಮಟ್ಟ ಬಂದಿತ್ತು ಸಾರ್, ಫೋಟೋ ಇದೆ.’

ಫೋಟೋ ನೋಡಲಿಲ್ಲ. ಎದ್ದುಹೋಗಿ ಬಾಗಿಲು ಮುಂದೆ ಮಾಡಿ ಬಂದರು.

‘ನೋಡಿ, ದೋಣಿ ಅಂತ ನಾನು ಒಪ್ಪಿದ್ರೆ ಅಲ್ಲಿ ಜಲಮೂಲ ಇದೆ ಅಂತ ಒಪ್ಪಿದಂಗಾಯ್ತು. ಜಲಮೂಲ ಅಂದ್ರೆ ನಿಮ್ಮನೆ ಒತ್ತುವರಿ. ಒತ್ತುವರಿ ಅಂದ್ರೆ ಖಾತಾ ಹೋಯ್ತು. ನಿಮ್ಮದೊಂದೇ ಅಲ್ಲ, ಇಡೀ ಲೇಔಟಿಂದು. ಬೇಕಾ?’

‘ಬೇಡ ಸಾರ್.’

‘ಹಂಗಾದ್ರೆ ಅದು ದೋಣಿ ಅಲ್ಲ.’

‘ಮತ್ತೇನು?’

‘ಮರದ್ದು ತಾನೆ? ಮಂಚ ಅಂತ ಬರೀರಿ.’

‘ಹನ್ನೊಂದಡಿ ಉದ್ದ ಇದೆ ಸಾರ್.’

‘ಮನೇಲಿ ಯಾರೋ ಉದ್ದ ಇರೋರು ಇರ್ತಾರೆ.’

‘ಹಾಯಿ?’

‘ಸೊಳ್ಳೆಪರದೆ.’

‘ಕೆಂಪಗಿದೆ...’

‘ಸೊಳ್ಳೆ ಏನು ಬಣ್ಣ ನೋಡಿ ಬರುತ್ತಾ?’

ಮೊದಲು ನನಗೆ ಪಿಚ್ಚೆನಿಸಿತು. ಬಸ್ಸು ಹಿಡಿಯಲು ಮೆಜೆಸ್ಟಿಕ್ಕಿಗೆ ಬಂದು ನಿಂತಾಗ ಸಾಹೇಬರು ಸರಿಯೆನಿಸಿದರು. ಕಾಲಕೆಳಗಿನ ಧರ್ಮಾಂಬುಧಿ ಕೆರೆಯನ್ನು ಬಸ್ ನಿಲ್ದಾಣ ಎಂದು ಬರೆದಾಗಿದೆ. ಸಂಪಂಗಿ ಕೆರೆಯನ್ನು ಕಂಠೀರವ ಕ್ರೀಡಾಂಗಣ ಎಂದು, ಅಕ್ಕಿತಿಮ್ಮನಹಳ್ಳಿ ಕೆರೆಯನ್ನು ಹಾಕಿ ಮೈದಾನ ಎಂದು, ಚಲ್ಲಘಟ್ಟ ಕೆರೆಯನ್ನು ಗಾಲ್ಫ್ ಮೈದಾನ ಎಂದು ಬರೆದು ದಕ್ಕಿಸಿಕೊಂಡ ಊರು ಇದು. ಇಲ್ಲಿ ಒಂದು ದೋಣಿಯನ್ನು ಮಂಚ ಎಂದು ಬರೆದರೆ ಯಾರ ಗಂಟು ಹೋಗುತ್ತದೆ? ಕೆರೆಯ ಸುತ್ತ 75 ಮೀಟರ್ ಬಿಡಿ ಎಂದು ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನೀರನ್ನು ಯಾರೂ ಕಕ್ಷಿದಾರನನ್ನಾಗಿ ಮಾಡಿರಲಿಲ್ಲವಾದ್ದರಿಂದ ಅದಕ್ಕೆ ತೀರ್ಪಿನ ನಕಲು ಸಿಕ್ಕಿಲ್ಲ. ನಮ್ಮ ಕ್ರಯಪತ್ರದ ಚಕ್ಕುಬಂದಿಯಲ್ಲಿ ನಾಲ್ಕೂ ದಿಕ್ಕಿಗೆ ಸೈಟು, ರಸ್ತೆಗಳೇ ಇವೆ. ನೀರು ಮಾತ್ರ ಇವತ್ತಿಗೂ ಹಳೇ ಗ್ರಾಮನಕ್ಷೆ ಹಿಡಿದುಕೊಂಡೇ ಬರುತ್ತದೆ.

ಉಳಿದಿರುವ ತೊಡಕು ರಸ್ತೆಗಡ್ಡ ಜೋತುಬಿದ್ದ ಇಂಟರ್ನೆಟ್ ಕೇಬಲ್ಲುಗಳದ್ದು. ಒಣ ರಸ್ತೆಯಲ್ಲೇ ತಲೆಗೆ ತಾಗುತ್ತವೆ. ಎದೆಮಟ್ಟ ನೀರಿನ ಮೇಲೆ ಹಾಯಿಕಂಬ ನಿಲ್ಲಿಸಿದರೆ ಇಡೀ ಬೀದಿಯ ವೈಫೈ ನಮ್ಮ ದೋಣಿಯ ಹಿಂದೆಯೇ ಬಂದೀತು. ‘ಗಣೇಶನ ಮೆರವಣಿಗೇಲಿ ಹುಡುಗರು ಕೋಲಲ್ಲಿ ತಂತಿ ಎತ್ತಿ ಹಿಡಿಯಲ್ವೇನ್ರೀ, ಹಾಗೆ ನಾನು ಎತ್ತಿ ಹಿಡೀತೀನಿ’ ಎಂದು ಮನೆಯವಳು ಧೈರ್ಯ ಹೇಳಿದ್ದಾಳೆ.

ಮೊನ್ನೆ ಎದುರುಮನೆ ರಾಯರು ಬಂದರು. ವಾರ್ನಿಶ್ ಒಣಗುತ್ತಿದ್ದ ದೋಣಿಯನ್ನು ಒಂದು ಸುತ್ತು ಬಂದರು, ಬೆರಳ ಗೆಣ್ಣಿನಿಂದ ಹಲಗೆ ತಟ್ಟಿದರು, ರಸ್ತೆಯ ಕಡೆ ಒಮ್ಮೆ ಇಣುಕಿ ದನಿ ತಗ್ಗಿಸಿದರು.

‘ನಮಗೂ ಇಂಥದ್ದೇ ಒಂದು ಮಂಚ ಮಾಡಿಸ್ಕೊಡಿ ಸ್ವಾಮಿ. ನಾವು ಆರು ಜನ. ಅಮ್ಮನಿಗೆ ಕಾಲು ಚಾಚಿ ಕೂರೋಕೆ ಜಾಗ ಇರ್ಲಿ.’