ಬಾಹ್ಯಾಕಾಶದ ಕಥೆಯಲ್ಲಿ ಚೂರಿ ಯಾಕೆ?

ಗ್ರಹದಿಂದ ಗ್ರಹಕ್ಕೆ ಹಾರುವ ಕಾಲದಲ್ಲೂ ಸಾಮಂತರು, ಮನೆತನದ ಹಗೆ, ಚೂರಿ ಕಾಳಗ. ಇಂಥ ಕಥೆ ಬರೆಯುವವರು ಹೆಚ್ಚಾಗಿ ಎಡವುವುದು ಇಲ್ಲೇ. ಕೋಟೆ, ಕಿರೀಟ, ಕತ್ತಿ ಎಲ್ಲ ತಂದಿಡುತ್ತಾರೆ, ಬಂದೂಕು ಎಲ್ಲಿ ಹೋಯಿತು ಅಂತ ಮಾತ್ರ ಹೇಳುವುದಿಲ್ಲ. 1965ರಲ್ಲಿ ಪುಸ್ತಕವಾಗಿ ಬಂದ ಫ್ರಾಂಕ್ ಹರ್ಬರ್ಟ್ ಅವರ ಕಾದಂಬರಿ ‘ಡ್ಯೂನ್’ ಇವತ್ತಿಗೂ ಗಟ್ಟಿಯಾಗಿ ನಿಂತಿರುವುದು ಆ ಪ್ರಶ್ನೆಗೆ ಉತ್ತರ ಕೊಟ್ಟಿದ್ದರಿಂದಲೇ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಅಲ್ಲಿ ಯೋಧ ಸೊಂಟಕ್ಕೆ ಕಟ್ಟಿಕೊಳ್ಳುವ ಶೀಲ್ಡ್, ಅಂದರೆ ಮೈಸುತ್ತ ಹರಡುವ ಶಕ್ತಿಯ ಕವಚ, ವೇಗವಾಗಿ ಬರುವುದನ್ನೆಲ್ಲ ತಡೆಯುತ್ತದೆ, ನಿಧಾನಕ್ಕೆ ಬಂದದ್ದನ್ನು ಒಳಗೆ ಬಿಡುತ್ತದೆ. ಗುಂಡು ಹೊಡೆದು ಪ್ರಯೋಜನವಿಲ್ಲ. ಲೇಸರ್ ಕಿರಣ ತಾಗಿದರೆ ಅಣುಬಾಂಬಿನಂಥ ಸ್ಫೋಟ, ಹೊಡೆದವನೂ ಉಳಿಯುವ ಭರವಸೆಯಿಲ್ಲ. ಉಳಿದದ್ದು ಚೂರಿ, ಅದನ್ನೂ ಕೊನೆಯ ಗಳಿಗೆಯಲ್ಲಿ ವೇಗ ತಗ್ಗಿಸಿ ತೂರಿಸಬೇಕು. ಎಳವೆಯಿಂದಲೇ ಗುರುವಿಟ್ಟು ಕಲಿಸಬೇಕಾದ ವಿದ್ಯೆ ಇದು. ಅಂಥ ಗುರುಗಳನ್ನು ಸಾಕುವ ತಾಕತ್ತು ದೊಡ್ಡ ಮನೆತನಗಳಿಗೇ ಇರುವುದು.

ಹಗೆಗೂ ಹೀಗೇ ಲೆಕ್ಕಾಚಾರವಿದೆ. ಹಾರ್ಕೊನೆನ್ ಮನೆತನದ ಕೈಯಲ್ಲಿದ್ದ ಅರಾಕಿಸ್ ಗ್ರಹವನ್ನು ಚಕ್ರವರ್ತಿ ಅವರ ವೈರಿ ಅಟ್ರೈಡೀಸ್ ಮನೆತನಕ್ಕೆ ಉಂಬಳಿ ಕೊಡುತ್ತಾನೆ. ಹೊರಗೆ ಬಹುಮಾನ, ಒಳಗೆ ಬಲೆ. ಅಟ್ರೈಡೀಸ್ ಒಡೆಯ ಡ್ಯೂಕ್ ಲೀಟೊನ ಪಡೆ ಚಕ್ರವರ್ತಿಯ ಆಯ್ದ ಯೋಧರಾದ ಸರ್ದೌಕರ್‌ಗಳಿಗೆ ಸಾಟಿಯಾಗುವ ಹಂತಕ್ಕೆ ಬಂದಿತ್ತು. ಆದರೆ ಚಕ್ರವರ್ತಿ ನೇರವಾಗಿ ಮೇಲೆ ಬಿದ್ದರೆ ಸಾಮಂತರ ಸಭೆ ಒಟ್ಟಾಗಿ ತಿರುಗಿಬೀಳುತ್ತದೆ. ಅದಕ್ಕೇ ಸರ್ದೌಕರ್‌ಗಳಿಗೆ ಹಾರ್ಕೊನೆನ್ ಸಮವಸ್ತ್ರ ತೊಡಿಸಿ ಕಳಿಸುತ್ತಾನೆ. ಅವರನ್ನು ಸಾಗಿಸುವ ಹಡಗು ಬಾಹ್ಯಾಕಾಶ ಸಾಗಣೆಯನ್ನೆಲ್ಲ ಕೈಯಲ್ಲಿಟ್ಟುಕೊಂಡ ಗಿಲ್ಡ್ ಎಂಬ ಸಂಘದ್ದು, ಗಿಲ್ಡಿನ ಚಾಲಕರಿಗೆ ‘ಮಸಾಲೆ’ ಎಂಬ ಮಾದಕ ವಸ್ತುವಿಲ್ಲದೆ ನಡೆಯದು, ಮಸಾಲೆ ಸಿಗುವುದು ಅರಾಕಿಸ್‌ನಲ್ಲಿ ಮಾತ್ರ. ಒಬ್ಬನ ಜುಟ್ಟು ಇನ್ನೊಬ್ಬನ ಕೈಯಲ್ಲಿ.

ಈ ಸಮಾಜ ಜಡ್ಡುಗಟ್ಟಿದೆ ಅನ್ನುವುದನ್ನು ಹರ್ಬರ್ಟ್ ಭಾಷಣದಲ್ಲಿ ಹೇಳುವುದಿಲ್ಲ, ಕಾಳಗದಲ್ಲಿ ತೋರಿಸುತ್ತಾರೆ. ಶೀಲ್ಡ್ ಬಂದಮೇಲೆ ಫಿರಂಗಿಯನ್ನು ಎಲ್ಲರೂ ಮರೆತಿದ್ದರು. ಹಾರ್ಕೊನೆನ್‌ಗಳು ಅದನ್ನೇ ಹೊರತೆಗೆದು, ಗುಹೆ ಸೇರಿದ ಅಟ್ರೈಡೀಸ್ ಯೋಧರನ್ನು ಗುಹೆಯ ಬಾಯಿ ಮುಚ್ಚಿ ಒಳಗೇ ಹೂಳಿಬಿಟ್ಟರು.

ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಲೀಟೊನ ಮಗ ಪೌಲ್ ಮತ್ತು ಅರಾಕಿಸ್ ಮರುಭೂಮಿಯ ಜನರಾದ ಫ್ರೆಮೆನ್ನರಲ್ಲೊಬ್ಬ ಜಾಮಿಸ್ ಕಾದಾಟ. ಮರುಭೂಮಿಯಲ್ಲಿ ಶೀಲ್ಡ್ ಹಚ್ಚಿದರೆ ಅಲ್ಲಿನ ದೈತ್ಯ ಮರಳಹುಳು ಕೆರಳಿ ನುಗ್ಗುತ್ತದೆ, ಹಾಗಾಗಿ ಫ್ರೆಮೆನ್ನರು ಅದನ್ನು ಬಳಸುವುದೇ ಇಲ್ಲ. ತಪ್ಪಿಸಿಕೊಳ್ಳುವಾಗ ಪೌಲ್ ಮಿಂಚು. ಇರಿಯುವಾಗ ಮಾತ್ರ ಕೈ ತಾನಾಗಿಯೇ ನಿಧಾನವಾಗುತ್ತದೆ, ಎದುರಿಗೆ ಇಲ್ಲದ ಶೀಲ್ಡನ್ನು ದಾಟಲು. ಜಾಮಿಸ್ ಅಷ್ಟರಲ್ಲಿ ಜಾರಿಕೊಳ್ಳುತ್ತಾನೆ. ಸುತ್ತ ನಿಂತವರಿಗೆ, ಈ ಹುಡುಗ ಸಾಯುವವನನ್ನು ಆಟ ಆಡಿಸುತ್ತಿದ್ದಾನೆ ಅನ್ನಿಸುತ್ತದೆ.