ಅಮೆರಿಕದಲ್ಲಿ ಸೋತ, ಯೂರೋಪಿನಲ್ಲಿ ಗೆದ್ದ

ರಾಕಿ ಮಾರ್ಸಿಯಾನೊ ಮತ್ತು ಮುಹಮ್ಮದ್ ಅಲಿ, ಇಬ್ಬರಲ್ಲಿ ಯಾರು ದೊಡ್ಡ ಬಾಕ್ಸರ್? ಇದಕ್ಕೆ 1970ರಲ್ಲೇ ಉತ್ತರ ಸಿಕ್ಕಿದೆ. ನೀವು ಟಿಕೆಟ್ ಕೊಂಡದ್ದು ಅಮೆರಿಕದಲ್ಲಾದರೆ ಮಾರ್ಸಿಯಾನೊ. ಯೂರೋಪಿನಲ್ಲಾದರೆ ಅಲಿ.

ತಮಾಷೆಗೆ ಹೇಳುತ್ತಿಲ್ಲ. ಮಾರ್ಸಿಯಾನೊ 49 ಪಂದ್ಯ ಆಡಿ 49ನ್ನೂ ಗೆದ್ದು, 1956ರಲ್ಲಿ ಗ್ಲೌಸ್ ಕಳಚಿಟ್ಟವನು. ಆಗ ಅಲಿಗೆ 14 ವರ್ಷ. ಇಬ್ಬರೂ ಎದುರುಬದುರಾಗುವ ಮಾತೇ ಇರಲಿಲ್ಲ. ಮಯಾಮಿಯ ಒಬ್ಬ ನಿರ್ಮಾಪಕನಿಗೆ ಇದೊಂದು ತೊಡಕು ಅನಿಸಲೇ ಇಲ್ಲ. ಯಾರು ಗೆಲ್ಲುತ್ತಾರೆ ಹೇಳು ಅಂತ ಇಬ್ಬರ ಲೆಕ್ಕಾಚಾರವನ್ನೂ ಒಂದು ಕಂಪ್ಯೂಟರಿಗೆ ತುಂಬಿದ. 1969ರಲ್ಲಿ ಇಬ್ಬರನ್ನೂ ಸ್ಟುಡಿಯೋಗೆ ಕರೆಸಿ, ಹೊಡೆದಾಡಿದ ಹಾಗೆ ನಟಿಸಿ ಅಂದ. 45 ವರ್ಷದ ಮಾರ್ಸಿಯಾನೊ ಮೈ ಇಳಿಸಿ, ತಲೆಗೊಂದು ವಿಗ್ ಹಾಕಿಕೊಂಡು ಬಂದ. ಅಲಿಗೂ ಆಗ ಬೇರೆ ಕೆಲಸ ಇರಲಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಕೊನೆಯನ್ನು ಮಾತ್ರ ಹಲವು ಥರ ತೆಗೆದಿಟ್ಟರು. ಒಂದು ಸಲ ಇವನು ಬೀಳೋದು, ಇನ್ನೊಂದು ಸಲ ಅವನು ಬೀಳೋದು. ಯಾವ ಗಿರಾಕಿ ಬಂದರೂ ಬರಿಗೈಲಿ ಕಳಿಸಬಾರದು, ಅಲ್ವಾ?

ಚಿತ್ರೀಕರಣ ಮುಗಿದ ಕೆಲವೇ ವಾರಕ್ಕೆ ಮಾರ್ಸಿಯಾನೊ ವಿಮಾನ ಅಪಘಾತದಲ್ಲಿ ತೀರಿಕೊಂಡ. ಮುಂದಿನ ಜನವರಿಯಲ್ಲಿ ಅಮೆರಿಕದ ಥಿಯೇಟರುಗಳಲ್ಲಿ ಫಲಿತಾಂಶ ಬಂತು. 13ನೇ ಸುತ್ತಿನಲ್ಲಿ ಅಲಿ ಮಕಾಡೆ. ಯೂರೋಪಿನಲ್ಲಿ ತೋರಿಸಿದ ರೀಲಿನಲ್ಲಿ ಗೆದ್ದವನು ಅಲಿ. ಅಟ್ಲಾಂಟಿಕ್ ದಾಟುವಷ್ಟರಲ್ಲಿ ಕಂಪ್ಯೂಟರಿಗೆ ಜ್ಞಾನೋದಯವಾಗಿತ್ತು. ಈ ಕಂಪ್ಯೂಟರ್ ಅಲಬಾಮಾದಲ್ಲಿ ತಯಾರಾಗಿರಬೇಕು ಅಂತ ಅಲಿ ಚುಚ್ಚಿದ. ಕರಿಯರನ್ನು ಬಾಗಿಲಾಚೆ ನಿಲ್ಲಿಸುವುದಕ್ಕೆ ಹೆಸರಾಗಿದ್ದ ರಾಜ್ಯ ಅದು.

ಆಗ ಕಂಪ್ಯೂಟರ್ ಒಂದೇ ಇತ್ತು. ಈಗ ಪ್ರತಿ ಜೇಬಿನಲ್ಲೂ ಒಂದಿದೆ, ಹಾಗಾಗಿ ತೀರ್ಪೂ ಜಾಸ್ತಿ. ನಮ್ಮ ಕಾಲದ ಅಮೆರಿಕನ್ ಬಾಕ್ಸರ್ ಮೇವೆದರ್ 50ಕ್ಕೆ 50 ಗೆದ್ದ, ಅಲಿ 61ರಲ್ಲಿ 5 ಸೋತ, ಮುಗೀತು, ಮೇವೆದರೇ ದೊಡ್ಡವನು ಅನ್ನುವ ಲೆಕ್ಕದ ಮೇಷ್ಟ್ರುಗಳಿದ್ದಾರೆ. ಆ 50ನೇ ಗೆಲುವು ಯಾರ ಮೇಲೆ? ಅದುವರೆಗೆ ಒಂದೇ ಒಂದು ವೃತ್ತಿಪರ ಬಾಕ್ಸಿಂಗ್ ಪಂದ್ಯವನ್ನೂ ಆಡದಿದ್ದ ಕಾನರ್ ಮೆಕ್‌ಗ್ರೆಗರ್ ಮೇಲೆ. ಅಲಿಯ ಕೊನೆಯ ಎರಡು ಸೋಲು 38 ಮತ್ತು 39ನೇ ವಯಸ್ಸಿನಲ್ಲಿ. ಅದರಲ್ಲಿ ಮೊದಲನೆಯದನ್ನು ಗೆದ್ದ ಲ್ಯಾರಿ ಹೋಮ್ಸ್, ಹೊಡೆದು ಮುಗಿಸಿ ಅತ್ತ. ಲೆಕ್ಕದ ಪುಸ್ತಕದಲ್ಲಿ ಕಣ್ಣೀರಿಗೆ ಕಾಲಂ ಇಲ್ಲ.

ಇವರೆಲ್ಲ ಚಿಲ್ಲರೆ ತೀರ್ಪುಗಾರರು. ಸಗಟು ವ್ಯಾಪಾರ ನೋಡಬೇಕೆಂದರೆ ಅಮೆರಿಕ ಸರ್ಕಾರದ ಹತ್ತಿರ ಬನ್ನಿ.

ಕ್ಯಾಷಿಯಸ್ ಕ್ಲೇ 1964ರಲ್ಲಿ ಹೆವಿವೇಟ್ ಪಟ್ಟ ಗೆದ್ದು ಮುಹಮ್ಮದ್ ಅಲಿ ಆದ. ಪತ್ರಿಕೆಗಳು ವರ್ಷಗಟ್ಟಲೆ ಕ್ಲೇ ಅಂತಲೇ ಬರೆದವು. ಲೂಯಿವಿಲ್ಲಿನಲ್ಲಿ ಹುಟ್ಟಿದ ಈ ಬಾಯಿಬಡುಕನನ್ನು ಕಂಡರೆ ದೊಡ್ಡವರಿಗೆ ಮೈಯೆಲ್ಲ ಉರಿ. 1967ರಲ್ಲಿ ವಿಯೆಟ್ನಾಂ ಯುದ್ಧದ ಹೊತ್ತಿಗೆ ಸೈನ್ಯ ಸೇರು ಅಂದರೆ ಒಲ್ಲೆ ಅಂದುಬಿಟ್ಟ. ಪಟ್ಟ ಹೋಯಿತು, ಲೈಸೆನ್ಸ್ ಹೋಯಿತು, ಪಾಸ್‌ಪೋರ್ಟ್ ಹೋಯಿತು. 5 ವರ್ಷ ಜೈಲು, 10,000 ಡಾಲರ್ ದಂಡ ಅಂತ ಶಿಕ್ಷೆಯೂ ಆಯಿತು. ಅಪೀಲು ಹಾಕಿಕೊಂಡು ಜೈಲಿನಿಂದ ಹೊರಗುಳಿದ. ಆದರೆ 25ರಿಂದ 28ರವರೆಗೆ, ಕಾಲು ಚಿಗರೆಯಂತೆ ಓಡುವ ವಯಸ್ಸಿನಲ್ಲಿ, ರಿಂಗಿನ ಹೊರಗೆ. ಅದಕ್ಕೇ ಸ್ಟುಡಿಯೋದಲ್ಲಿ ವಿಗ್ ಹಾಕಿದವನ ಜೊತೆ ಸುಳ್ಳು ಜಗಳ. 1971ರಲ್ಲಿ ಸುಪ್ರೀಂ ಕೋರ್ಟ್ ಎಂಟಕ್ಕೆ ಸೊನ್ನೆ ಮತದಿಂದ ಶಿಕ್ಷೆಯನ್ನು ರದ್ದು ಮಾಡಿತು. ಕೋರ್ಟು ವರ್ಷ ವಾಪಸ್ ಕೊಡುವುದಿಲ್ಲ ನೋಡಿ.

ಆಮೇಲಿಂದ ಸರ್ಕಾರಕ್ಕೆ ಅಲಿ ಮೇಲೆ ನಿಧಾನವಾಗಿ ಪ್ರೀತಿ ಹುಟ್ಟಿತು. 1980ರಲ್ಲಿ ಮಾಸ್ಕೋ ಒಲಿಂಪಿಕ್ಸನ್ನು ಬಹಿಷ್ಕರಿಸಿ ಅಂತ ಆಫ್ರಿಕಾದ ದೇಶಗಳನ್ನು ಒಪ್ಪಿಸಬೇಕಿತ್ತು. ಅಧ್ಯಕ್ಷ ಕಾರ್ಟರ್ ಅವರಿಗೆ ಹೊಳೆದ ರಾಯಭಾರಿ ನಮ್ಮ ಅಲಿಯೇ. ಅಲಿ ಆಗ ಭಾರತಕ್ಕೆ ಬಂದಿದ್ದ. ಒಂದು ಕಾಲದಲ್ಲಿ ಎಲ್ಲಿಗೂ ಹೋಗಕೂಡದು ಅಂತ ಪಾಸ್‌ಪೋರ್ಟ್ ಕಿತ್ತುಕೊಂಡವರೇ, ಹೋಗಿ ಬಾರಪ್ಪಾ ಅಂತ ಇಲ್ಲಿಂದಲೇ ವಿಮಾನ ಹತ್ತಿಸಿದರು. ಟಾಂಜಾನಿಯಾದ ಅಧ್ಯಕ್ಷ ನ್ಯೆರೆರೆ ಭೇಟಿಯನ್ನೇ ಕೊಡಲಿಲ್ಲ. 1976ರಲ್ಲಿ ಆಫ್ರಿಕಾದ ದೇಶಗಳು ಒಲಿಂಪಿಕ್ಸ್ ಬಹಿಷ್ಕರಿಸಿದಾಗ ಅಮೆರಿಕ ಎಲ್ಲಿ ಹೋಗಿತ್ತು ಅಂತ ವರದಿಗಾರರು ಕೇಳಿದರು. ಅದನ್ನು ನನಗೆ ಯಾರೂ ಹೇಳಲೇ ಇಲ್ಲವಲ್ಲ ಅನ್ನುವ ಅರ್ಥದಲ್ಲಿ ಅಲಿ ಉತ್ತರಿಸಿದ. ಬಾಯಿ ಇನ್ನೂ ಪೂರ್ತಿ ಕಟ್ಟಿರಲಿಲ್ಲ.

1984ರಲ್ಲಿ ಪಾರ್ಕಿನ್ಸನ್ ಕಾಯಿಲೆ ಅಂದರು ಡಾಕ್ಟರು. ಮಾತು ಇಳಿಯುತ್ತಾ ಹೋಯಿತು, ಗೌರವ ಏರುತ್ತಾ ಹೋಯಿತು. ನನಗೇನೂ ಇದು ಕಾಕತಾಳೀಯ ಅನಿಸುವುದಿಲ್ಲ. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ನಡುಗುವ ಕೈಯಲ್ಲಿ ಜ್ಯೋತಿ ಹೊತ್ತಿಸಿದಾಗ ಇಡೀ ದೇಶ ಕಣ್ಣೊರೆಸಿಕೊಂಡಿತು. 2005ರಲ್ಲಿ ಅಧ್ಯಕ್ಷ ಬುಷ್ ಕೊರಳಿಗೆ ಪದಕ ಹಾಕಿದರು. ಆಗ ಇರಾಕಿನಲ್ಲಿ ಯುದ್ಧ ನಡೆಯುತ್ತಿತ್ತು. ಯುದ್ಧಕ್ಕೆ ಹೋಗಲ್ಲ ಅಂದವನಿಗೆ ಯುದ್ಧ ಮಾಡಿಸುತ್ತಿದ್ದವರಿಂದಲೇ ಸನ್ಮಾನ. 2016ರಲ್ಲಿ ಅಲಿ ತೀರಿಕೊಂಡ. 2019ರಲ್ಲಿ ಲೂಯಿವಿಲ್ ವಿಮಾನ ನಿಲ್ದಾಣಕ್ಕೆ ಅವನ ಹೆಸರಿಟ್ಟರು. ಸತ್ತ ಎಮ್ಮೆಗೆ ಹಾಲು ಜಾಸ್ತಿ ಅನ್ನುವುದು ನಮ್ಮ ಹಳ್ಳಿಗಳಿಗಷ್ಟೇ ಗೊತ್ತಿರುವ ಸತ್ಯವಲ್ಲ.

ಇನ್ನು 2018ರದ್ದು. ಅದನ್ನು ಬಿಟ್ಟರೆ ಪಾಪ ಬರುತ್ತದೆ. ಅಲಿಗೆ ಕ್ಷಮಾದಾನ ಕೊಡುವ ಬಗ್ಗೆ ಯೋಚಿಸುತ್ತಿದ್ದೇನೆ ಅಂತ ಅಧ್ಯಕ್ಷ ಟ್ರಂಪ್ ಹೇಳಿದರು. ಸತ್ತು 2 ವರ್ಷವಾದ ಮನುಷ್ಯನಿಗೆ, 47 ವರ್ಷದ ಹಿಂದೆಯೇ ಸುಪ್ರೀಂ ಕೋರ್ಟು ಅಳಿಸಿಹಾಕಿದ ಅಪರಾಧಕ್ಕೆ ಕ್ಷಮೆ! ಕುಟುಂಬದ ವಕೀಲರು ಬಹಳ ವಿನಯದಿಂದ ಥ್ಯಾಂಕ್ಸ್ ಹೇಳಿ, ಶಿಕ್ಷೆಯೇ ಇಲ್ಲ, ಹಾಗಾಗಿ ಕ್ಷಮೆಯ ಅಗತ್ಯವಿಲ್ಲ ಅಂತ ತಿಳಿಸಿದರು.

ಅಲಿ ಇದ್ದು, ಬಾಯಿ ನೆಟ್ಟಗಿದ್ದಿದ್ದರೆ, ವಕೀಲರ ಅಗತ್ಯವೂ ಇರುತ್ತಿರಲಿಲ್ಲ. ಪ್ರಾಸ ಕಟ್ಟಿ ಅವನೇ ಉತ್ತರ ಕೊಡುತ್ತಿದ್ದ. ಮಾರನೇ ದಿನವೇ ಪಾಸ್‌ಪೋರ್ಟ್ ಹೋಗುತ್ತಿತ್ತು.