ನಗೆ ವ್ಯಾಯಾಮ ಮಾತ್ರೆಗೆ ಬದಲಿಯಲ್ಲ: ಒಂದು ಸ್ಪಷ್ಟನೆ

‘ದಿನಾ ಹತ್ತು ನಿಮಿಷ ಜೋರಾಗಿ ನಕ್ಕರೆ ಖಿನ್ನತೆ ಮಾಯ, ಮಾತ್ರೆ ಬಿಡಬಹುದು, ಸ್ವಿಸ್ ವಿಜ್ಞಾನಿಗಳೇ ಹೇಳಿದ್ದಾರೆ’ ಎಂಬ ಸಂದೇಶ ಮಡಿಕೇರಿ, ಸೋಮವಾರಪೇಟೆ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಸ್ವಿಟ್ಜರ್ಲೆಂಡಿನ ಜ್ಯೂರಿಕ್ ವಿಶ್ವವಿದ್ಯಾಲಯದ ಸಂಶೋಧಕರ ಅಧ್ಯಯನ 2016ರಲ್ಲಿ ಪ್ರಕಟವಾದದ್ದು ನಿಜ. ಆದರೆ ಅಲ್ಲಿ ಪರೀಕ್ಷಿಸಿದ್ದು ಗಟ್ಟಿಯಾಗಿ ನಗುವುದನ್ನಲ್ಲ, ಒಂದು ವಾರದ ಐದು ಬಗೆಯ ಹಾಸ್ಯದ ಅಭ್ಯಾಸಗಳನ್ನು. ಒಂದರಲ್ಲಿ, ದಿನದ ಮೂರು ತಮಾಷೆಯ ಸಂಗತಿಗಳನ್ನು, ಅವು ಯಾಕೆ ಹಾಗಾದವು ಎಂಬುದರ ಸಮೇತ ಬರೆದಿಡಬೇಕು. ಉದಾಹರಣೆಗೆ, ಕಣದಲ್ಲಿ ಹರವಿದ ಕಾಫಿ ಕೆದಕುವ ಕೋಳಿಯನ್ನು ಓಡಿಸಲು ಅಜ್ಜ ಕೊಡೆ ಬಿಚ್ಚಿದರು, ಕೋಳಿ ಅಲ್ಲೇ ಉಳಿಯಿತು, ನಾಯಿ ಹೆದರಿ ಓಡಿತು. ಇಂಥದ್ದು ಸಾಕು.

ಐದೂ ಅಭ್ಯಾಸಗಳಿಂದ ಸಂತೋಷ ಹೆಚ್ಚಿತು, ಮೂರರ ಪರಿಣಾಮ ಆರು ತಿಂಗಳವರೆಗೂ ಉಳಿಯಿತು. ಖಿನ್ನತೆಯ ಲಕ್ಷಣಗಳು ಅಭ್ಯಾಸ ಮುಗಿದ ಹೊತ್ತಿಗೆ ತಗ್ಗಿದ್ದವು, ಆದರೆ ಆ ಪರಿಣಾಮ ಬಹಳ ದಿನ ನಿಲ್ಲಲಿಲ್ಲ. ಸಂದೇಶ ಮುಚ್ಚಿಟ್ಟಿರುವುದು ಇದನ್ನೇ.

ನಗೆಕೂಟಗಳ ಮೇಲೆ ನನಗೆ ಪ್ರೀತಿಯೇ ಇದೆ. 1995ರಲ್ಲಿ ಮುಂಬೈಯಲ್ಲಿ ಡಾ. ಮದನ್ ಕಟಾರಿಯಾ ಶುರುಮಾಡಿದ ಪದ್ಧತಿ ಅದು, ಬೇರೆಯದೇ ವಿಷಯ. ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲು ಕಾಣದ ನಮ್ಮೂರಲ್ಲಿ ನಾಲ್ಕು ಜನ ಕೂಡಿ ನಗುವುದು ಒಳ್ಳೆಯದೇ. ಆದರೆ ಖಿನ್ನತೆಯ ಮಾತ್ರೆಯನ್ನು ಏಕಾಏಕಿ ನಿಲ್ಲಿಸಿದರೆ ತಲೆಸುತ್ತು, ನಿದ್ರೆಗೇಡು ಬರಬಹುದು, ಕಾಯಿಲೆ ಮರುಕಳಿಸಬಹುದು. ಬಿಡುವ ಮಾತಿದ್ದರೆ ವೈದ್ಯರೊಂದಿಗೇ ಆಗಲಿ. ಮಾತಾಡಲು ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೂ ಮಾತಾಡಬಹುದು.

ದಯವಿಟ್ಟು ಆ ಸಂದೇಶವನ್ನು ಇನ್ನು ಯಾರಿಗೂ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.